ಸುಳಿ ಸತ್ತರೆ ತೆಂಗು ಏಕೆ ಸಾಯುತ್ತದೆ? ಜೀವಕೋಶಗಳು ಹೇಳುವ ಉತ್ತರ

ಚಿತ್ರದುರ್ಗ: ಮೂವತ್ತು, ನಲವತ್ತು ವರ್ಷ ಫಲ ಕೊಟ್ಟ ತೆಂಗಿನ ಮರವೊಂದು ಸುಳಿ ಕೊಳೆತು ಕೆಲವೇ ತಿಂಗಳುಗಳಲ್ಲಿ ಬೋಳು ಕಂಬವಾಗಿ ನಿಲ್ಲುವುದು ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ರೈತರಿಗೆ ಅಪರಿಚಿತ ದೃಶ್ಯವಲ್ಲ. ಅದೇ ತೋಟದ ಬದುವಿನಲ್ಲಿರುವ ಬೇವಿನ ಮರದ ಕೊಂಬೆಗಳನ್ನು ಮೇಕೆಗಳ ಸೊಪ್ಪಿಗಾಗಿ ವರ್ಷ ವರ್ಷವೂ ಕಡಿಯಲಾಗುತ್ತದೆ. ಆದರೂ ಅದು ಮತ್ತೆ ಮತ್ತೆ ಚಿಗುರುತ್ತದೆ. ಒಂದು ಮರ ಅಂಗೈಯಗಲದ ಗಾಯಕ್ಕೆ ಬಲಿಯಾದರೆ, ಇನ್ನೊಂದು ಮರ ತಲೆ ಕಡಿದರೂ ಬದುಕುವುದು ಏಕೆ?

ಉತ್ತರ ಇರುವುದು ಮಣ್ಣಿನಲ್ಲಿಯೂ ಅಲ್ಲ, ನೀರಿನಲ್ಲಿಯೂ ಅಲ್ಲ. ಬರಿಗಣ್ಣಿಗೆ ಕಾಣದ ಜೀವಕೋಶಗಳಲ್ಲಿ. ದೇಹದ ಎಲ್ಲ ಕೋಶಗಳೂ ಸದಾ ವಿಭಜನೆಗೊಳ್ಳುವುದಿಲ್ಲ. ಆ ಸಾಮರ್ಥ್ಯ ಕೆಲವು ನಿರ್ದಿಷ್ಟ ಜಾಗಗಳಲ್ಲಿ ಮಾತ್ರ ಉಳಿದಿರುತ್ತದೆ. ಆ ಜಾಗಗಳು ಎಷ್ಟು, ಎಲ್ಲಿವೆ, ಎಷ್ಟು ಸುರಕ್ಷಿತವಾಗಿವೆ ಎಂಬುದರ ಮೇಲೆ ಗಾಯ ಮಾಯುವುದೂ, ಮರ ಉಳಿಯುವುದೂ ನಿರ್ಧಾರವಾಗುತ್ತದೆ. ಈ ಮಾತು ತೆಂಗಿಗೆ ಹೇಗೋ ಕುರಿಗೂ ಹಾಗೆಯೇ, ಮನುಷ್ಯನಿಗೂ ಹಾಗೆಯೇ ಅನ್ವಯಿಸುತ್ತದೆ.

ಕೋಶದಿಂದಲೇ ಕೋಶ

ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಪುಟ್ಟ ಕೋಣೆಗಳನ್ನು 'ಸೆಲ್' ಎಂದು ಕರೆದನು. ಸಸ್ಯಗಳೆಲ್ಲ ಕೋಶಗಳಿಂದಾಗಿವೆ ಎಂದು ಜರ್ಮನಿಯ ಶ್ಲೈಡನ್ 1838ರಲ್ಲಿಯೂ, ಪ್ರಾಣಿಗಳೂ ಹಾಗೆಯೇ ಎಂದು ಶ್ವಾನ್ 1839ರಲ್ಲಿಯೂ ಪ್ರತಿಪಾದಿಸಿದರು. ಪ್ರತಿಯೊಂದು ಕೋಶವೂ ಮತ್ತೊಂದು ಕೋಶದಿಂದಲೇ ಹುಟ್ಟುತ್ತದೆ ಎಂಬ ತತ್ತ್ವವನ್ನು 1850ರ ದಶಕದಲ್ಲಿ ರುಡಾಲ್ಫ್ ವಿರ್ಚೋ ಪ್ರಚುರಪಡಿಸಿದನು. ವಿಭಜನೆಯ ಹಂತಗಳನ್ನು ವಿವರವಾಗಿ ದಾಖಲಿಸಿ, ಅದಕ್ಕೆ 'ಮೈಟಾಸಿಸ್' ಎಂದು ಹೆಸರಿಟ್ಟ ಕೀರ್ತಿ ವಾಲ್ಟರ್ ಫ್ಲೆಮಿಂಗ್‌ಗೆ ಸಲ್ಲುತ್ತದೆ. ಆತನ ಗ್ರಂಥ ಪ್ರಕಟವಾದದ್ದು 1882ರಲ್ಲಿ.

ಈರುಳ್ಳಿ ಬೇರಿನ ತುದಿಯಲ್ಲಿ

ಚಿತ್ರದುರ್ಗ ರಾಜ್ಯದ ಪ್ರಮುಖ ಈರುಳ್ಳಿ ಜಿಲ್ಲೆಗಳಲ್ಲಿ ಒಂದು. ಮಾರುಕಟ್ಟೆಯ ಬೆಲೆಯಿಂದ ಸುದ್ದಿಯಾಗುವ ಈ ಗಡ್ಡೆಗೆ ವಿಜ್ಞಾನದ ತರಗತಿಯಲ್ಲಿ ಬೇರೊಂದು ಸ್ಥಾನವಿದೆ. ಕೋಶ ವಿಭಜನೆಯನ್ನು ಕಣ್ಣಾರೆ ನೋಡಲು ಜಗತ್ತಿನ ಬಹುಪಾಲು ಕಾಲೇಜುಗಳು ಬಳಸುವುದು ಈರುಳ್ಳಿಯ ಬೇರನ್ನೇ.

ಗಡ್ಡೆಯ ಬುಡ ನೀರಿಗೆ ತಾಗುವಂತೆ ಲೋಟದ ಮೇಲಿಟ್ಟರೆ ಕೆಲವೇ ದಿನಗಳಲ್ಲಿ ಬಿಳಿಯ ಬೇರುಗಳು ಇಳಿಯುತ್ತವೆ. ಬೆಳಗಿನ ಹೊತ್ತಿನಲ್ಲಿ ಬೇರಿನ ತುದಿಯನ್ನು ಕತ್ತರಿಸಿ, ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿಟ್ಟು, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಗಾಜಿನ ನಡುವೆ ಒತ್ತಿ ನೋಡಿದರೆ ವಿಭಜನೆಯ ಎಲ್ಲ ಹಂತಗಳೂ ಒಂದೇ ನೋಟಕ್ಕೆ ಸಿಗುತ್ತವೆ. ಈರುಳ್ಳಿಯ ಕೋಶದಲ್ಲಿ 16 ವರ್ಣತಂತುಗಳಿವೆ. ಅದರ ಡಿಎನ್ಎ ಪ್ರಮಾಣ ಮನುಷ್ಯನದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚಿರುವುದರಿಂದ ವರ್ಣತಂತುಗಳೂ ದೊಡ್ಡವು, ಎಣಿಸಲು ಸುಲಭ.

ವಿಭಜನೆಗೆ ಮೊದಲು ಕೋಶವು ಸಿದ್ಧತೆ ಮಾಡಿಕೊಳ್ಳುತ್ತದೆ. ಮೊದಲು ಗಾತ್ರದಲ್ಲಿ ಬೆಳೆಯುತ್ತದೆ, ಬಳಿಕ ತನ್ನ ಡಿಎನ್ಎಯ ಇನ್ನೊಂದು ಪ್ರತಿಯನ್ನು ತಯಾರಿಸುತ್ತದೆ, ಅನಂತರ ಮತ್ತಷ್ಟು ಬೆಳೆದು ವಿಭಜನೆಗೆ ಅಣಿಯಾಗುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೋಶಕ್ಕೆ ಈ ಇಡೀ ಚಕ್ರ ಮುಗಿಸಲು ಸುಮಾರು 24 ಗಂಟೆ ಬೇಕು. ಅದರಲ್ಲಿ ವಿಭಜನೆಗೆ ತಗಲುವುದು ಒಂದು ಗಂಟೆ ಮಾತ್ರ. ಉಳಿದದ್ದೆಲ್ಲ ಸಿದ್ಧತೆಯೇ.

ವಿಭಜನೆಯಲ್ಲಿ ನಾಲ್ಕು ಹಂತಗಳಿವೆ. ಪೂರ್ವಾವಸ್ಥೆಯಲ್ಲಿ ನೂಲಿನಂತೆ ಹರಡಿದ್ದ ವರ್ಣತಂತುಗಳು ಸುತ್ತಿಕೊಂಡು ದಪ್ಪನಾಗುತ್ತವೆ. ಮಧ್ಯಾವಸ್ಥೆಯಲ್ಲಿ ಅವು ಕೋಶದ ನಡುಗೆರೆಯಲ್ಲಿ ಸಾಲಾಗಿ ನಿಲ್ಲುತ್ತವೆ. ಅನಂತರಾವಸ್ಥೆಯಲ್ಲಿ ಪ್ರತಿಯೊಂದು ವರ್ಣತಂತುವಿನ ಎರಡು ಎಳೆಗಳು ಬೇರ್ಪಟ್ಟು, ಕದಿರೆಳೆಗಳ ಸೆಳೆತಕ್ಕೆ ಒಳಗಾಗಿ ವಿರುದ್ಧ ದಿಕ್ಕಿಗೆ ಸರಿಯುತ್ತವೆ. ಅಂತ್ಯಾವಸ್ಥೆಯಲ್ಲಿ ಎರಡೂ ತುದಿಗಳಲ್ಲಿ ಹೊಸ ಕೋಶಕೇಂದ್ರಗಳು ರೂಪುಗೊಳ್ಳುತ್ತವೆ. ಹದಿನಾರು ವರ್ಣತಂತುಗಳ ಒಂದು ಕೋಶವಿದ್ದ ಜಾಗದಲ್ಲಿ ಹದಿನಾರು ಹದಿನಾರರ ಎರಡು ಕೋಶಗಳು ಬರುತ್ತವೆ. ಲೆಕ್ಕ ತಪ್ಪುವಂತಿಲ್ಲ.

ಕೊನೆಯ ಬೇರ್ಪಡೆಯಲ್ಲಿ ಸಸ್ಯಕ್ಕೂ ಪ್ರಾಣಿಗೂ ವ್ಯತ್ಯಾಸವಿದೆ. ಪ್ರಾಣಿಕೋಶಕ್ಕಿರುವುದು ಮೆದುವಾದ ಪೊರೆ. ಅದು ಹಗ್ಗದಿಂದ ಬಿಗಿದ ಚೀಲದಂತೆ ನಡುವೆ ಕಿರಿದಾಗುತ್ತಾ ಬಂದು ಎರಡಾಗುತ್ತದೆ. ಸಸ್ಯಕೋಶಕ್ಕೆ ಗಟ್ಟಿ ಭಿತ್ತಿ ಇರುವುದರಿಂದ ಹೀಗೆ ಕಿರಿದಾಗಲು ಬಾರದು. ಅಲ್ಲಿ ನಡುವೆ ಹೊಸ ಗೋಡೆಯೊಂದು ಕಟ್ಟಲ್ಪಡುತ್ತದೆ. ಗೋಡೆ ಕಟ್ಟಿದ ಮೇಲೆ ಸಸ್ಯಕೋಶ ಜಾಗ ಬದಲಿಸಲಾರದು. ಭ್ರೂಣದಲ್ಲಿ ಪ್ರಾಣಿಕೋಶಗಳು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿ ನೆಲೆಸಬಲ್ಲವು. ಸಸ್ಯದ ಕೋಶ ಹುಟ್ಟಿದಲ್ಲಿಯೇ ಬಾಳುತ್ತದೆ, ಅಲ್ಲಿಯೇ ಸಾಯುತ್ತದೆ.

ವಿಭಜನೆ ಬೇರೆ, ಬೆಳವಣಿಗೆ ಬೇರೆ

ಬೆಳೆಯುವುದೆಂದರೆ ಕೋಶಗಳ ಸಂಖ್ಯೆ ಹೆಚ್ಚುವುದು ಎಂದಷ್ಟೇ ತಿಳಿಯುವುದು ಸರಿಯಲ್ಲ. ಬೇರಿನ ತುದಿಯಲ್ಲಿ ಹುಟ್ಟಿದ ಕೋಶ ತುಸು ಹಿಂದಕ್ಕೆ ಉಳಿಯುತ್ತಿದ್ದಂತೆ ನೀರು ಹೀರಿ, ಒಳಗಿನ ರಸದಾನಿಯನ್ನು ಹಿಗ್ಗಿಸಿಕೊಂಡು, ಹಲವು ಪಟ್ಟು ಉದ್ದವಾಗುತ್ತದೆ. ಬೇರನ್ನು ಮಣ್ಣಿನೊಳಕ್ಕೆ ತಳ್ಳುವುದು ಮುಖ್ಯವಾಗಿ ಈ ಹಿಗ್ಗುವಿಕೆಯೇ. ಈರುಳ್ಳಿಯ ಗಡ್ಡೆ ಉಬ್ಬುವುದೂ ಬಹುಮಟ್ಟಿಗೆ ಹೀಗೆಯೇ. ಎಲೆಗಳ ಬುಡದಲ್ಲಿ ಮೊದಲೇ ಇದ್ದ ಕೋಶಗಳು ಹಗಲಿನ ಅವಧಿ ಮತ್ತು ಉಷ್ಣತೆಯ ಸೂಚನೆಗೆ ಸ್ಪಂದಿಸಿ ಹಿಗ್ಗುತ್ತವೆ.

ಬರಪೀಡಿತ ಜಿಲ್ಲೆಗೆ ಈ ವಿಷಯ ಕೇವಲ ಪಠ್ಯದ ಮಾತಲ್ಲ. ಕೋಶ ಹಿಗ್ಗಲು ಒಳಗಿನ ನೀರಿನ ಒತ್ತಡ ಬೇಕು. ತೇವ ಕಡಿಮೆಯಾದಾಗ ಎಲೆ ಬಾಡುವುದಕ್ಕೆ ಮೊದಲೇ ಹಿಗ್ಗುವಿಕೆ ಕುಂಠಿತವಾಗುತ್ತದೆ. ಗಡ್ಡೆ ಕಟ್ಟುವ ದಿನಗಳಲ್ಲಿ ಮಳೆ ಕೈಕೊಟ್ಟರೆ ಬೆಳೆ ಹಸಿರಾಗಿಯೇ ಕಂಡರೂ ಗಡ್ಡೆ ಸಣ್ಣದಾಗಿ ಉಳಿಯಲು ಇದೇ ಕಾರಣ.

ದಾಸ್ತಾನಿನಲ್ಲಿ ಈರುಳ್ಳಿ ಮೊಳೆಯುವುದು ಇದಕ್ಕೆ ವಿರುದ್ಧವಾದ ಸಮಸ್ಯೆ. ಗಡ್ಡೆಯ ನಡುವಿನ ಮೊಗ್ಗಿನಲ್ಲಿ ಸುಪ್ತವಾಗಿದ್ದ ಕೋಶಗಳು ಎಚ್ಚೆತ್ತು ವಿಭಜನೆ ಆರಂಭಿಸುವುದೇ ಮೊಳಕೆ. ಅಲ್ಪ ಪ್ರಮಾಣದ ಗಾಮಾ ಕಿರಣ ಹಾಯಿಸಿದರೆ ಮೊಗ್ಗಿನ ಕೋಶಗಳು ವಿಭಜನೆಯ ಶಕ್ತಿ ಕಳೆದುಕೊಳ್ಳುತ್ತವೆ. ಉಳಿದ ಗಡ್ಡೆ ತಿನ್ನಲು ಯೋಗ್ಯವಾಗಿಯೇ ಇರುತ್ತದೆ. ಮಹಾರಾಷ್ಟ್ರದ ಲಾಸಲ್‌ಗಾಂವ್‌ನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ 2002ರಲ್ಲಿ ಆರಂಭಿಸಿದ ಘಟಕ ಈ ತತ್ತ್ವವನ್ನೇ ಆಧರಿಸಿದೆ.

ಅರವತ್ತು ಅಡಿ ಮರಕ್ಕೆ ಒಂದೇ ಸುಳಿ

ಇನ್ನು ತೆಂಗಿನ ಪ್ರಶ್ನೆಗೆ ಬರೋಣ. ಸಸ್ಯಗಳಲ್ಲಿ ನಿರಂತರವಾಗಿ ವಿಭಜನೆಗೊಳ್ಳುವ ಕೋಶಸಮೂಹಕ್ಕೆ ವರ್ಧನ ಅಂಗಾಂಶ ಎಂದು ಹೆಸರು. ಬೇವು, ಹುಣಸೆ, ಮಾವಿನಂತಹ ಮರಗಳಲ್ಲಿ ಇದು ಹಲವು ಕಡೆ ಹಂಚಿಹೋಗಿದೆ: ಪ್ರತಿ ಕೊಂಬೆಯ ತುದಿಯಲ್ಲಿ, ಎಲೆಯ ಕಂಕುಳಿನ ಮೊಗ್ಗುಗಳಲ್ಲಿ, ತೊಗಟೆಯ ಒಳಗೆ ಕಾಂಡವನ್ನು ಸುತ್ತುವರಿದ ಕ್ಯಾಂಬಿಯಂ ಎಂಬ ತೆಳು ಪದರದಲ್ಲಿ. ಕಾಂಡ ವರ್ಷ ವರ್ಷವೂ ದಪ್ಪವಾಗುವುದೂ, ಕೊಡಲಿಯ ಗಾಯ ಮುಚ್ಚಿಕೊಳ್ಳುವುದೂ ಈ ಪದರದಿಂದಲೇ.

ತೆಂಗು ಮತ್ತು ಅಡಿಕೆಗೆ ಕ್ಯಾಂಬಿಯಂ ಇಲ್ಲ. ಚಿಗುರಿನ ವರ್ಧನ ಅಂಗಾಂಶ ಇರುವುದು ಒಂದೇ ಕಡೆ, ಸುಳಿಯ ಆಳದಲ್ಲಿ, ಎಳೆ ಗರಿಗಳ ಬುಡದಲ್ಲಿ. ಮರದ ಪ್ರತಿ ಗರಿ, ಪ್ರತಿ ಹೊಂಬಾಳೆ, ಕಾಂಡದ ಪ್ರತಿ ಅಡಿಯೂ ಹುಟ್ಟುವುದು ಅಲ್ಲಿಂದಲೇ. ಅದು ಕೊಳೆತರೆ ಬದಲಿ ಮೊಗ್ಗು ಇಲ್ಲ. ಹಳೆಯ ಗರಿಗಳು ಕೆಲಕಾಲ ಹಸಿರಾಗಿದ್ದು, ಒಂದೊಂದಾಗಿ ಉದುರಿದ ಮೇಲೆ ಮರ ಮುಗಿದಂತೆಯೇ. ಹೊಳಲ್ಕೆರೆ ತಾಲ್ಲೂಕಿನ ಮತ್ತು ಭೀಮಸಮುದ್ರ ಭಾಗದ ಅಡಿಕೆ ತೋಟಗಳಿಗೂ ಇದೇ ಮಾತು ಸಲ್ಲುತ್ತದೆ.

ಕ್ಯಾಂಬಿಯಂ ಇಲ್ಲದ್ದರಿಂದ ತೆಂಗಿನ ಕಾಂಡದ ಗಾಯ ಮಾಯುವುದಿಲ್ಲ. ಹತ್ತಲು ಅನುಕೂಲವಾಗಲೆಂದು ಕೊಚ್ಚಿದ ಮೆಟ್ಟಿಲು ಮರ ಇರುವವರೆಗೂ ಹಾಗೆಯೇ ಉಳಿಯುತ್ತದೆ. ಕೆಂಪು ಮೂತಿ ಹುಳುವಿಗೆ ಮೊಟ್ಟೆಯಿಡಲು ದಾರಿಯಾಗುತ್ತದೆ. ಕಾಂಡದ ಆಯಾ ಭಾಗದ ದಪ್ಪ ಅದು ಸುಳಿಯಲ್ಲಿ ರೂಪುಗೊಳ್ಳುವಾಗಲೇ ತೀರ್ಮಾನವಾಗುವುದರಿಂದ, ಬರದ ವರ್ಷಗಳಲ್ಲಿ ಬೆಳೆದ ಭಾಗ ಕಿರಿದಾಗಿಯೇ ಉಳಿಯುತ್ತದೆ. ಮುಂದೆ ಎಷ್ಟೇ ನೀರುಣಿಸಿದರೂ ಆ ಭಾಗ ತುಂಬಿಕೊಳ್ಳದು.

ಬರದ ಪೆಟ್ಟು ಇಳುವರಿಯಲ್ಲಿ ಕಾಣುವುದೂ ತಡವಾಗಿ. ಸುಳಿಯೊಳಗೆ ಹೊಂಬಾಳೆಯ ಮೊದಲ ಕೋಶಗಳು ಹುಟ್ಟಿ, ಅದು ಒಡೆದು ಹೊರಬರಲು ಸುಮಾರು 32 ತಿಂಗಳು ಬೇಕು. ಅಲ್ಲಿಂದ ಕಾಯಿ ಬಲಿಯಲು ಇನ್ನೂ ಒಂದು ವರ್ಷ. ಒಟ್ಟು ಸುಮಾರು 44 ತಿಂಗಳು. ಇಂದು ಕೀಳುವ ಕಾಯಿಯ ಲೆಕ್ಕ ಮೂರೂವರೆ ವರ್ಷದ ಹಿಂದೆಯೇ ಆರಂಭವಾಗಿರುತ್ತದೆ. 2010ರ ದಶಕದ ಮಧ್ಯಭಾಗದ ಸತತ ಬರದಲ್ಲಿ ಹಿರಿಯೂರು, ಹೊಸದುರ್ಗ ಭಾಗಗಳಲ್ಲಿ ಅನೇಕ ತೆಂಗಿನ ತೋಟಗಳು ಒಣಗಿದವು. ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಬರವನ್ನು ತಾಳಿ ಉಳಿದ ಮರಕ್ಕೆ ನೀರು ಸಿಕ್ಕಿದ ವರ್ಷವೇ ಗೊನೆ ತುಂಬುವುದಿಲ್ಲ ಎಂಬುದನ್ನು ಈ 44 ತಿಂಗಳ ಲೆಕ್ಕವೇ ಹೇಳುತ್ತದೆ.

ಒಂದೇ ಗ್ರಂಥ, ಬೇರೆ ಬೇರೆ ಪುಟ

ಸುಳಿಯಲ್ಲಿ ಹುಟ್ಟಿದ ಕೋಶಗಳೆಲ್ಲ ಮೊದಲಿಗೆ ಒಂದೇ ತೆರನಾಗಿರುತ್ತವೆ. ಬಳಿಕ ಕೆಲವು ನೀರು ಸಾಗಿಸುವ ಕ್ಸೈಲಮ್ ಆಗುತ್ತವೆ, ಕೆಲವು ಆಹಾರ ಸಾಗಿಸುವ ಫ್ಲೋಯಮ್ ಆಗುತ್ತವೆ, ಕೆಲವು ಗಟ್ಟಿ ನಾರಾಗುತ್ತವೆ, ಕೆಲವು ಎಲೆಯ ಹಸಿರು ಕೋಶಗಳಾಗುತ್ತವೆ. ಇದನ್ನು ಕೋಶಗಳ ವಿಶೇಷೀಕರಣ ಎನ್ನುತ್ತಾರೆ. ಕ್ಸೈಲಮ್‌ನ ನಾಳಗಳು ಕೆಲಸಕ್ಕೆ ತೊಡಗುವುದು ಸತ್ತ ಮೇಲೆಯೇ. ಒಳಗಿನ ಕೋಶದ್ರವ್ಯ ಅಳಿದು, ಬರಿಯ ಭಿತ್ತಿ ಉಳಿದಾಗ ಅದು ನೀರು ಹರಿಯುವ ಕೊಳವೆಯಾಗುತ್ತದೆ.

ಹೀಗೆ ಬೇರೆ ಬೇರೆಯಾಗುವಾಗ ಕೋಶಗಳು ತಮ್ಮ ವಂಶವಾಹಿಗಳನ್ನು ಸಾಮಾನ್ಯವಾಗಿ ಕಳೆದುಕೊಳ್ಳುವುದಿಲ್ಲ. ಗ್ರಂಥ ಎಲ್ಲರ ಬಳಿಯೂ ಒಂದೇ. ಓದುವ ಪುಟಗಳು ಮಾತ್ರ ಬೇರೆ. ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಕೋಶ ಇರುವ ಸ್ಥಳ, ನೆರೆಯ ಕೋಶಗಳ ಸಂಕೇತ ಮತ್ತು ಹಾರ್ಮೋನುಗಳು ತೀರ್ಮಾನಿಸುತ್ತವೆ.

ಇದನ್ನು ದೃಢಪಡಿಸಿದ ಪ್ರಯೋಗದಲ್ಲಿ ತೆಂಗಿನ ಪಾತ್ರವೂ ಇದೆ. ಎಳೆಯ ತೆಂಗಿನ ಕಾಯಿಯೊಳಗೆ ಕೋಶಕೇಂದ್ರಗಳು ನಡುವೆ ಗೋಡೆ ಕಟ್ಟದೆಯೇ ಪದೇ ಪದೇ ವಿಭಜನೆಗೊಳ್ಳುತ್ತವೆ. ಆ ದ್ರವವೇ ಎಳನೀರು. ಬಳಿಕ ಚಿಪ್ಪಿನ ಒಳಮೈಯಲ್ಲಿ ಗೋಡೆಗಳು ಕಟ್ಟಿಕೊಂಡು ಮೊದಲು ಗಂಜಿ, ಆಮೇಲೆ ಕೊಬ್ಬರಿ ಆಗುತ್ತದೆ. ಈ ದ್ರವದಲ್ಲಿ ವಿಭಜನೆಯನ್ನು ಪ್ರಚೋದಿಸುವ ಅಂಶಗಳಿವೆ ಎಂಬುದು 1940ರ ದಶಕದಲ್ಲಿ ತಿಳಿದುಬಂತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಫ್.ಸಿ. ಸ್ಟೂವರ್ಡ್ ಮತ್ತು ಸಂಗಡಿಗರು ಗಜ್ಜರಿಯ ಬಲಿತ ಕೋಶಗಳನ್ನು ಅದೇ ದ್ರವ ಬೆರೆಸಿದ ಪೋಷಕದಲ್ಲಿ ಬೆಳೆಸಿ, ಅವುಗಳಿಂದ ಪೂರ್ಣ ಗಿಡಗಳನ್ನು ಪಡೆದುದನ್ನು 1958ರಲ್ಲಿ ಪ್ರಕಟಿಸಿದರು. ಬಲಿತ ಸಸ್ಯಕೋಶವೂ ತಕ್ಕ ಪರಿಸರ ದೊರೆತರೆ ಇಡೀ ಗಿಡವಾಗಬಲ್ಲದು ಎಂದು ಅದರಿಂದ ಸ್ಪಷ್ಟವಾಯಿತು.

ಇಂದಿನ ಅಂಗಾಂಶ ಕೃಷಿ ನಿಂತಿರುವುದು ಈ ತಿಳಿವಳಿಕೆಯ ಮೇಲೆಯೇ. ಹಿರಿಯೂರು, ಹೊಸದುರ್ಗ ತಾಲ್ಲೂಕುಗಳ ದಾಳಿಂಬೆ ಬೆಳೆಗಾರರು ನೆಡುವ ಸಸಿಗಳು ಗೂಟಿ ಕಟ್ಟಿ ಪಡೆದವು ಅಥವಾ ಅಂಗಾಂಶ ಕೃಷಿಯವು. ಗೂಟಿಯಲ್ಲಿ ಕೊಂಬೆಯ ತೊಗಟೆಯನ್ನು ಉಂಗುರದಂತೆ ತೆಗೆದು, ತೇವದ ಪಾಚಿಯಿಂದ ಮುಚ್ಚಲಾಗುತ್ತದೆ. ಕೊಂಬೆಯ ಕೋಶಗಳು ಹಳೆಯ ಕಸುಬನ್ನು ಬಿಟ್ಟು ಬೇರುಗಳನ್ನು ರೂಪಿಸುತ್ತವೆ. ಇಂತಹ ಸಸಿಗಳೆಲ್ಲ ತಾಯಿಗಿಡದ ತದ್ರೂಪುಗಳು. ಗುಣ ಬಂದಂತೆ ದೋಷವೂ ಬರುತ್ತದೆ. ತಾಯಿಗಿಡಕ್ಕೆ ದುಂಡಾಣು ಅಂಗಮಾರಿ ರೋಗ ತಗುಲಿದ್ದರೆ ಗೂಟಿ ಸಸಿಯೊಂದಿಗೆ ಅದು ಹೊಸ ತೋಟಕ್ಕೂ ಸಾಗಬಲ್ಲದು.

ತೆಂಗಿಗೆ ಗೂಟಿಯೂ ಇಲ್ಲ, ಕಸಿಯೂ ಇಲ್ಲ. ಅಂಗಾಂಶ ಕೃಷಿಯೂ ಬಾಳೆಯಷ್ಟು ಸುಲಭವಾಗಿ ಒದಗಿಲ್ಲ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಈ ದಿಕ್ಕಿನಲ್ಲಿ ದೀರ್ಘಕಾಲದಿಂದ ಪ್ರಯತ್ನಿಸುತ್ತಿದೆ. ಬಹುಮಟ್ಟಿಗೆ ಕಾಯಿಯಿಂದಲೇ ಸಸಿ ಮಾಡಬೇಕು. ಪರಾಗ ಮತ್ತು ಅಂಡಗಳು ಹುಟ್ಟುವಾಗ ಮಿಯಾಸಿಸ್ ಎಂಬ ಬೇರೊಂದು ವಿಭಜನೆ ನಡೆದು, ತೆಂಗಿನ 32 ವರ್ಣತಂತುಗಳು 16ಕ್ಕೆ ಇಳಿಯುತ್ತವೆ; ಆಗ ಗುಣಗಳ ಕಲಬೆರಕೆಯಾಗುತ್ತದೆ. ಒಂದೇ ಮರದ ಕಾಯಿಗಳಿಂದ ಬೆಳೆದ ಮರಗಳು ಒಂದರಂತೆ ಒಂದು ಇಲ್ಲದಿರುವುದು ಇದರಿಂದಲೇ.

ಉಣ್ಣೆ ಮರಳುತ್ತದೆ, ಕಾಲು ಮರಳದು

ಪ್ರಾಣಿಗಳ ಕಥೆ ಭಿನ್ನ. ಈ ಜಿಲ್ಲೆಯ ಬಯಲಿನಲ್ಲಿ ಮೇಯುವ ಕುರಿಯ ಜೀವನವೂ 54 ವರ್ಣತಂತುಗಳ ಒಂದೇ ಯುಗ್ಮಜದಿಂದ ಆರಂಭವಾಗುತ್ತದೆ. ಅದು ಎರಡು, ನಾಲ್ಕು, ಎಂಟಾಗಿ ಮುಂದುವರಿದು ಮೂರು ಪದರಗಳಾಗುತ್ತದೆ. ಹೊರಪದರದಿಂದ ಚರ್ಮ ಮತ್ತು ನರಮಂಡಲ, ನಡುಪದರದಿಂದ ಸ್ನಾಯು, ಮೂಳೆ, ರಕ್ತ, ಒಳಪದರದಿಂದ ಕರುಳಿನ ಒಳಮೈ, ಶ್ವಾಸಕೋಶ, ಯಕೃತ್ತು ರೂಪುಗೊಳ್ಳುತ್ತವೆ. ಸುಮಾರು 150 ದಿನಗಳಲ್ಲಿ ಮರಿ ಸಿದ್ಧ.

ಮರ ಬದುಕಿರುವವರೆಗೂ ಹೊಸ ಅಂಗಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಕುರಿಯ ಅಂಗಗಳು ಹುಟ್ಟಿಗೆ ಮೊದಲೇ ತೀರ್ಮಾನವಾಗಿಬಿಡುತ್ತವೆ. ಆಮೇಲೆ ನಡೆಯುವುದು ಗಾತ್ರದ ಬೆಳವಣಿಗೆ ಮತ್ತು ದುರಸ್ತಿ ಮಾತ್ರ. ಕತ್ತರಿಸಿದ ಉಣ್ಣೆ ಮತ್ತೆ ಬೆಳೆಯುತ್ತದೆ, ಏಕೆಂದರೆ ರೋಮದ ಬುಡದಲ್ಲಿ ವಿಭಜನೆಗೊಳ್ಳುವ ಕೋಶಗಳಿವೆ. ಕಂಬಳಿಯ ನೂಲು ಆ ಕೋಶಗಳು ಬಿಟ್ಟುಹೋದ ಒಣ ಪ್ರೋಟೀನು. ಆದರೆ ಕಳೆದುಕೊಂಡ ಕಾಲು ಮರಳದು. ಮನೆಯ ಹಲ್ಲಿಯ ಬಾಲ ಮರಳಿ ಬರುವುದು ನಿಜವಾದರೂ, ಹೊಸ ಬಾಲದಲ್ಲಿ ಬೆನ್ನುಮೂಳೆಯ ಬದಲು ಮೃದ್ವಸ್ಥಿಯ ಕೊಳವೆ ಮಾತ್ರ ಇರುತ್ತದೆ.

ಮನುಷ್ಯನ ದೇಹದಲ್ಲಿಯೂ ಇದೇ ಹಂಚಿಕೆ. ಕರುಳಿನ ಒಳಪದರ ಮೂರರಿಂದ ಐದು ದಿನಗಳಲ್ಲಿ ಹೊಸದಾಗುತ್ತದೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅವುಗಳ ಜಾಗ ತುಂಬಲು ಮೂಳೆಯ ಮಜ್ಜೆಯಲ್ಲಿರುವ ಆಕರಕೋಶಗಳು ಸೆಕೆಂಡಿಗೆ ಇಪ್ಪತ್ತು ಲಕ್ಷದಷ್ಟು ಹೊಸ ಕಣಗಳನ್ನು ಒದಗಿಸುತ್ತವೆ. ಯಕೃತ್ತಿನ ಒಂದು ಭಾಗ ದಾನ ಮಾಡಿದವರಲ್ಲಿ ಉಳಿದ ಭಾಗ ಬೆಳೆದು ಗಾತ್ರ ತುಂಬಿಕೊಳ್ಳುತ್ತದೆ. ಆದರೆ ಮಿದುಳಿನ ಬಹುತೇಕ ನರಕೋಶಗಳು ವಿಭಜನೆಗೊಳ್ಳುವುದಿಲ್ಲ. ಹೃದಯದ ಸ್ನಾಯುಕೋಶಗಳು ಹೊಸದಾಗುವ ಪ್ರಮಾಣ ಅತ್ಯಲ್ಪ. ಹೃದಯಾಘಾತ ಮತ್ತು ಪಾರ್ಶ್ವವಾಯುವಿನಲ್ಲಿ ಪ್ರತಿ ನಿಮಿಷವೂ ಅಮೂಲ್ಯವೆಂದು ವೈದ್ಯರು ಎಚ್ಚರಿಸುವುದರ ಹಿಂದಿನ ಕಾರಣವಿದು. ಆ ಕೋಶಗಳು ತೆಂಗಿನ ಸುಳಿಯಂತೆ. ಹೋದರೆ ಬದಲಿ ಇಲ್ಲ.

ವಿಶೇಷೀಕರಣದ ದಾರಿ ಹಿಂದಕ್ಕೂ ಸಾಗಬಲ್ಲದು ಎಂಬುದನ್ನು ಪ್ರಾಣಿಗಳಲ್ಲಿ ತೋರಿಸಿದ ಪ್ರಸಿದ್ಧ ಉದಾಹರಣೆಯೂ ಒಂದು ಕುರಿಯೇ. 1996ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಹುಟ್ಟಿದ ಡಾಲಿ, ವಯಸ್ಕ ಕುರಿಯ ಕೆಚ್ಚಲ ಕೋಶದ ಕೇಂದ್ರದಿಂದ ರೂಪುಗೊಂಡಿತ್ತು. ಇಲಿಯ ಬಲಿತ ಕೋಶಗಳನ್ನು ನಾಲ್ಕು ವಂಶವಾಹಿಗಳ ನೆರವಿನಿಂದ ಆಕರಕೋಶದ ಸ್ಥಿತಿಗೆ ಮರಳಿಸಬಹುದೆಂದು ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ತೋರಿಸಿ, 2012ರಲ್ಲಿ ಜಾನ್ ಗರ್ಡನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಲಗಾಮು ತಪ್ಪಿದಾಗ

ವಿಭಜನೆ ನಿಂತರೆ ಒಂದು ಬಗೆಯ ಹಾನಿ. ನಿಲ್ಲದಿದ್ದರೆ ಇನ್ನೊಂದು ಬಗೆಯದು. ಕೋಶಚಕ್ರದಲ್ಲಿ ತಪಾಸಣೆಯ ಹಂತಗಳಿವೆ. ಡಿಎನ್ಎ ಹಾಳಾಗಿದ್ದರೆ ಕೋಶ ಅಲ್ಲಿಯೇ ನಿಲ್ಲಬೇಕು, ಸರಿಪಡಿಸಿಕೊಳ್ಳಬೇಕು, ಇಲ್ಲವೇ ಸಾಯಬೇಕು. ಈ ಚಕ್ರದ ನಿಯಂತ್ರಣವನ್ನು ಬಿಡಿಸಿ ತೋರಿಸಿದ ಹಾರ್ಟ್‌ವೆಲ್, ಹಂಟ್ ಮತ್ತು ನರ್ಸ್ ಅವರಿಗೆ 2001ರಲ್ಲಿ ನೊಬೆಲ್ ಸಂದಿತು. ತಪಾಸಣೆಯ ವಂಶವಾಹಿಗಳೇ ಕೆಟ್ಟಾಗ ಕೋಶ ಲಗಾಮಿಲ್ಲದೆ ವೃದ್ಧಿಸುತ್ತದೆ. ಅದೇ ಕ್ಯಾನ್ಸರ್.

ಅಡಿಕೆಯ ನಾಡಿನಲ್ಲಿ ಇಲ್ಲಿ ಒಂದು ಮಾತು ಹೇಳದೆ ವಿಧಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಡಿಕೆಯನ್ನು ಹಾಗೂ ತಂಬಾಕು ಬೆರೆಸದ ಎಲೆಯಡಿಕೆಯನ್ನೂ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಈ ತೀರ್ಮಾನವನ್ನು ಪ್ರಶ್ನಿಸುತ್ತಲೇ ಬಂದಿವೆ. ಬಾಯಿಯಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟ ಕಂಡುಬಂದರೆ ತಡಮಾಡದೆ ವೈದ್ಯರನ್ನು ಕಾಣುವುದು ಕ್ಷೇಮ.

ಚಿಕಿತ್ಸೆಗೂ ಸಸ್ಯಲೋಕವೇ ನೆರವಾಗಿದೆ. ಮನೆಯಂಗಳದಲ್ಲಿ, ಗುಡಿಯ ಆವರಣದಲ್ಲಿ ಬೆಳೆಯುವ ನಿತ್ಯಪುಷ್ಪದಿಂದ ದೊರೆತ ವಿನ್‌ಕ್ರಿಸ್ಟಿನ್ ಎಂಬ ಔಷಧ 1960ರ ದಶಕದಿಂದ ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ವರ್ಣತಂತುಗಳನ್ನು ಎಳೆಯುವ ಕದಿರೆಳೆಗಳು ರೂಪುಗೊಳ್ಳದಂತೆ ಅದು ತಡೆಯುತ್ತದೆ. ವಿಭಜನೆ ನಡುವೆಯೇ ನಿಲ್ಲುತ್ತದೆ. ಇಂತಹ ಔಷಧಗಳಲ್ಲಿ ಹಲವು ವೇಗವಾಗಿ ವಿಭಜಿಸುವ ಕೋಶಗಳನ್ನೆಲ್ಲ ಬಾಧಿಸುವುದರಿಂದಲೇ ರೋಗಿಯ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ಆಕರಕೋಶಗಳು ಉಳಿದಿರುವುದರಿಂದ ಸಾಮಾನ್ಯವಾಗಿ ಕೂದಲು ಮರಳಿ ಬರುತ್ತದೆ. ನಿತ್ಯಪುಷ್ಪದ ಎಲೆ, ಬೇರುಗಳನ್ನು ಮನೆಮದ್ದೆಂದು ಸೇವಿಸುವುದು ಮಾತ್ರ ಅಪಾಯಕಾರಿ.

ಸುಳಿಯ ರಕ್ಷಣೆ

ತೆಂಗು, ಅಡಿಕೆ ಬೆಳೆಗಾರರಿಗೆ ಇದರಿಂದ ತಿಳಿಯುವುದಿಷ್ಟು. ಬೇರು, ಗರಿಗಳಿಗೆ ಆದ ನಷ್ಟವನ್ನು ಮರ ಕಾಲಕ್ರಮದಲ್ಲಿ ತುಂಬಿಕೊಳ್ಳಬಲ್ಲದು. ಸುಳಿಯ ನಷ್ಟವನ್ನು ತುಂಬಿಕೊಳ್ಳಲಾರದು. ಬಿಚ್ಚಿದ ಗರಿಗಳಲ್ಲಿ ಕತ್ತರಿಯಿಂದ ಕತ್ತರಿಸಿದಂತಹ ತ್ರಿಕೋನ ಗುರುತು ಕಂಡರೆ ಅದು ಸುಳಿ ಕೊರೆಯುವ ಕೊಂಬಿನ ದುಂಬಿಯ ಕೆಲಸ. ಕೊಕ್ಕೆಯಿಂದ ದುಂಬಿಯನ್ನು ತೆಗೆದು, ಗರಿಗಳ ಕಂಕುಳಿಗೆ ಬೇವಿನ ಹಿಂಡಿ ಮತ್ತು ಮರಳಿನ ಮಿಶ್ರಣ ತುಂಬುವುದು ರೂಢಿಯಲ್ಲಿರುವ ಕ್ರಮ. ಈ ದುಂಬಿ ಮೊಟ್ಟೆಯಿಡುವುದು ತಿಪ್ಪೆಗುಂಡಿಗಳಲ್ಲಿ ಎಂಬುದನ್ನೂ ಮರೆಯಬಾರದು.

ನಡುವಿನ ಎಳೆ ಗರಿ ಹಳದಿಯಾಗಿ ಬಾಡಿ, ಎಳೆದರೆ ಸುಲಭವಾಗಿ ಕಿತ್ತು ಬಂದು, ದುರ್ವಾಸನೆ ಬೀರಿದರೆ ಅದು ಸುಳಿ ಕೊಳೆ ರೋಗ. ಕೊಳೆತ ಭಾಗವನ್ನು ಪೂರ್ತಿ ಕೆತ್ತಿ ತೆಗೆದು, ಬೋರ್ಡೋ ಮುಲಾಮು ಸವರಿ, ಮಳೆ ನೀರು ಬೀಳದಂತೆ ಮುಚ್ಚಬೇಕು. ಸುತ್ತಲಿನ ಮರಗಳಿಗೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. ವರ್ಧನ ಅಂಗಾಂಶದ ಜೀವಂತ ಕೋಶಗಳು ಉಳಿದಿದ್ದರೆ, ತಿಂಗಳುಗಳು ಕಳೆದ ಮೇಲೆ, ಮೊದಲಿಗೆ ಕುಂಟುತ್ತಲಾದರೂ ಹೊಸ ಗರಿ ಹೊರಬರುತ್ತದೆ. ಉಳಿದಿಲ್ಲವಾದರೆ ಮುಂದಿನ ಯಾವ ಉಪಚಾರವೂ ಫಲಿಸದು. ಆದ್ದರಿಂದ ವಾರಕ್ಕೊಮ್ಮೆಯಾದರೂ ತಲೆಯೆತ್ತಿ ಸುಳಿಯತ್ತ ಒಂದು ನೋಟ ಹರಿಸುವುದೇ ತೋಟದಲ್ಲಿ ಎಲ್ಲಕ್ಕಿಂತ ಅಗ್ಗದ ಔಷಧ.